ಸೋಮವಾರದ ತನಕ ತಡೆಯಬೇಕಿತ್ತು

ಬೀಗ ಹಾಕಿದ ನಮ್ಮ ಮನೆಯ ಬಾಗಿಲಿಗೆ ಯಾರೋ ಜೋಳದ ಸೂಡೊಂದನ್ನು ಆನಿಸಿ ಇಟ್ಟು ಹೋಗಿದ್ದರು.

ಸೂಡು ಅಂದರೆ ತೆನೆ ಸಮೇತ ಕೊಯ್ದ ದಂಟುಗಳ ಕಟ್ಟು. ಇದು ತೀರಾ ಚಿಕ್ಕದು. ಕೂಸನ್ನು ಎತ್ತಿಕೊಂಡಂತೆ ಒಂದೇ ತೋಳಲ್ಲಿ ಎತ್ತಿಕೊಳ್ಳಬಹುದಿತ್ತು. ಕುಡಗೋಲಿನಿಂದ ನೀಟಾಗಿ ಕೊಯ್ದು, ಜೋಳದ ದಂಟನ್ನೇ ಹೊಸೆದು ನಡುವಿಗೆ ಬಿಗಿದಿದ್ದರು. ತೆನೆಗಳು ಬೆಳ್ಳಗೆ, ದುಂಡಗೆ ತುಂಬಿಕೊಂಡಿದ್ದವು.

ಬೀಗದ ಕೈ ಹಿಡಿದುಕೊಂಡು ನಾನು ಅದನ್ನೇ ನೋಡುತ್ತಾ ನಿಂತೆ. ಯಾರಿಟ್ಟರು? ಯಾಕಿಟ್ಟರು? ನಮ್ಮ ಹೊಲದ ಜೋಳವನ್ನು ಹಿಂದಿನ ಭಾನುವಾರವೇ ಮಷೀನಿನಿಂದ ಕೊಯ್ಯಿಸಿ ಮುಗಿಸಿದ್ದೆವು. ಮಷೀನು ಸೂಡು ಕಟ್ಟುವುದಿಲ್ಲ. (ಸೀರಿಯಲ್ ನೋಡುವವರಾಗಿದ್ದರೆ ಮಾಟ ಮಂತ್ರ ಅಂತ ಅಲ್ಲಿಂದಲೇ ಓಡುತ್ತಿದ್ದರು. ನಾನೂ ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ.)

ನಾನು ಊರಿಗೆ ಹೋದದ್ದು ಅವ್ವ ರೊಟ್ಟಿ ಸುಡುವ ಹಂಚು ತರಲು. ಅಪ್ಪ ತೀರಿಕೊಂಡ ಮೇಲೆ ಅವ್ವ ಕೆಲವು ದಿನ ಇರಲಿ ಅಂತ ಮಾನ್ವಿಯಲ್ಲಿರುವ ನನ್ನ ತಮ್ಮ ಬಸುವಿನ ಮನೆಗೆ ಬಂದಿದ್ದಾಳೆ. ಅಲ್ಲಿ ಆಕೆಗೆ ಎಲ್ಲಾ ಅನುಕೂಲ ಇದೆ. ಫ್ಯಾನ್ ಇದೆ, ಟಿವಿ ಇದೆ, ಮೊಮ್ಮಕ್ಕಳಿದ್ದಾರೆ. ಆದರೆ ಸೊಸೆಯ ನಾನ್‌ಸ್ಟಿಕ್ ತವೆಯ ಮೇಲೆ ರೊಟ್ಟಿ ಉಬ್ಬುವುದಿಲ್ಲವಂತೆ. "ನನ್ನ ಹಂಚು ತಂದುಕೊಡ್ರಿ, ಇಲ್ಲಾಂದ್ರ ನಾ ಉಣ್ಣಂಗಿಲ್ಲ" ಅಂತ ಹಟ ಹಿಡಿದಿದ್ದಳು. ಗುರುವಾರ ನನಗೆ ಕಾಲೇಜಿಗೆ ರಜೆ ಇತ್ತು. ರಾಯಚೂರಿನಿಂದ ಬೆಳಿಗ್ಗೆಯ ಬಸ್ಸು ಹತ್ತಿದೆ. ನಮ್ಮೂರು ದೇವದುರ್ಗ ತಾಲ್ಲೂಕಿನದು, ಮಾನ್ವಿ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕು.

ಆ ಸೂಡಿನ ಕತೆ ಹೇಳುವ ಮೊದಲು ನಿಮಗೆ ಅಪ್ಪನನ್ನು ಪರಿಚಯಿಸಬೇಕು.

ಅಪ್ಪನ ಹೆಸರು ಶರಣಪ್ಪ. ಊರಿನವರ ಬಾಯಲ್ಲಿ ಶರಣಣ್ಣ. ಜೋಳ, ಕಡಲೆ, ಒಂದಿಷ್ಟು ಹತ್ತಿ, ಒಂದು ಜೋಡಿ ಎತ್ತು. ಇಷ್ಟರಲ್ಲೇ ನಮ್ಮಿಬ್ಬರನ್ನೂ ಓದಿಸಿದ. ನಾನು ರಾಯಚೂರಿನಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಬಸು ಮಾನ್ವಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾನೆ. ನಾವು ಏಳುವ ಹೊತ್ತಿಗೆ ಅಪ್ಪ ಮನೆಯಲ್ಲಿ ಇದ್ದದ್ದು ನನಗೆ ನೆನಪಿಲ್ಲ. ಎತ್ತಿನ ಕೊರಳ ಗಂಟೆ ಓಣಿ ದಾಟುವ ಸದ್ದೇ ನಮಗೆ ಅಲಾರಂ. ಸಂಜೆ ಬಂದವನು ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಉಂಡರೆ, ಕೈ ತೊಳೆಯುವ ಮೊದಲೇ ಯಾರೋ ಹೊರಗಿನಿಂದ ಕೂಗುತ್ತಿದ್ದರು. ಯಾರದೋ ಬಂಡಿಯ ಗಾಲಿ ಕೆಸರಲ್ಲಿ ಹೂತಿದೆ. ಯಾರದೋ ಎಮ್ಮೆ ಈಯಲು ಒದ್ದಾಡುತ್ತಿದೆ. ಯಾರೋ ಅಣ್ಣತಮ್ಮಂದಿರು ಬದುವಿನ ಮೇಲೆ ಬಡಿದಾಡುತ್ತಿದ್ದಾರೆ.

ಅಪ್ಪ ಎದ್ದು ಹೋಗುತ್ತಿದ್ದ. ಅವ್ವ ಗೊಣಗುತ್ತಿದ್ದಳು. "ನಮ್ಮ ಹೊಲದಾಗ ಕಳಿ ಹಂಗs ಅದ. ಊರ ಕೆಲಸ ಮಾಡಾಕ ಹೊಂಟಾನ ನೋಡು, ಊರ ಗೌಡ!"

ಅಪ್ಪ ಊರ ಕೆಲಸವನ್ನು ಬಿಟ್ಟಿ ಮಾಡುತ್ತಿದ್ದ ಅಂದುಕೊಳ್ಳಬೇಡಿ. ಆಮೇಲೆ ಅವರನ್ನೂ ಬಿಡುತ್ತಿರಲಿಲ್ಲ. "ನಾಳಿ ನನ್ನ ಹೊಲದಾಗ ಹತ್ತಿ ಬಿಡಿಸೋದದ, ಬಂದು ಕೈ ಹಚ್ಚು" ಅಂತ ರಾಜಾರೋಷವಾಗಿ ಕರೆಯುತ್ತಿದ್ದ. ಅವರು ಬರುತ್ತಿದ್ದರು. ಇವನು ಅವರ ಹೊಲಕ್ಕೆ, ಅವರು ಇವನ ಹೊಲಕ್ಕೆ. ಇದಕ್ಕೆ ನಮ್ಮಲ್ಲಿ ಮುಯ್ಯಾಳು ಅನ್ನುತ್ತಾರೆ.

ಅಪ್ಪನ ಈ ಅಭ್ಯಾಸ ರಾಯಚೂರಿಗೆ ಬಂದರೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಮನೆಗೆ ಬಂದಾಗ ಹಾಲಿಗೆ ಹೆಪ್ಪು ಹಾಕಲು ಮೊಸರು ಇರಲಿಲ್ಲ. ಮೊಬೈಲ್ ತೆಗೆದು ಪ್ಯಾಕೆಟ್ ಮೊಸರು ಆರ್ಡರ್ ಮಾಡಲು ಹೊರಟೆ. ಅಷ್ಟರಲ್ಲಿ ಅಪ್ಪ ಬಟ್ಟಲು ಹಿಡಿದುಕೊಂಡು ಎದುರು ಮನೆಯ ಗೇಟಿನ ಮುಂದೆ ನಿಂತಿದ್ದ. ಆ ಮನೆಯವರ ಹೆಸರೇ ನನಗೆ ಗೊತ್ತಿರಲಿಲ್ಲ! ನಾಚಿಕೆಯಿಂದ ಸತ್ತೇ ಹೋದೆ. "ಯಪ್ಪಾ, ಪ್ಯಾಕೆಟ್ ತರಸ್ತಿದ್ನಲ್ಲ? ಯಾಕ ಮಂದಿಗೆ ತ್ರಾಸ ಕೊಡ್ತಿ?" ಅಂದೆ.

"ಪ್ಯಾಕೆಟ್‌ನವ ನಾಳಿ ನಿನ್ನ ಮನಿಗೆ ಹೆಪ್ಪು ಕೇಳಾಕ ಬರ್ತಾನೇನು?" ಅಂದ ಅಪ್ಪ.

ನಾನು ನಕ್ಕೆ. ಹಳ್ಳಿಯ ಮನುಷ್ಯ, ಏನೋ ಅಂತಾನೆ ಅಂದುಕೊಂಡೆ. ಮರುದಿನ ಎದುರು ಮನೆಯಾಕೆ ಕರಿಬೇವು ಕೇಳಿಕೊಂಡು ಬಂದಳು. ಅಪ್ಪನ ಮುಖದಲ್ಲಿ ಎಲೆಕ್ಷನ್ ಗೆದ್ದ ಕಳೆ.

ಅಪ್ಪ ಊರಿಗೆ ಮಾಡಿದ ಇನ್ನೊಂದು ಕೆಲಸ ಇದೆ. ಈ ವಾರದ ಬರಹ ಇರುವುದೇ ಅದಕ್ಕಾಗಿ.

ಹೊಲದಲ್ಲಿ ಬೆಳೆ ನಿಂತಿರುವಾಗ ಮನೆಯ ಯಜಮಾನ ಸತ್ತರೆ ಏನಾಗುತ್ತದೆ? ಮನೆಯವರು ದುಃಖದಲ್ಲಿರುತ್ತಾರೆ. ಕಾರ್ಯ, ಬಂದವರು, ಹೋದವರು. ಬೆಳೆ ಯಾರಿಗೂ ಕಾಯುವುದಿಲ್ಲ. ತೆನೆ ಉದುರುತ್ತದೆ, ಹಕ್ಕಿ ತಿನ್ನುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಸಿದ್ದಪ್ಪ ಅನ್ನುವವರು ಹೀಗೇ ತೀರಿಕೊಂಡರು. ಅಪ್ಪನಿಗೂ ಅವರಿಗೂ ಬದುವಿನ ವಿಷಯಕ್ಕೆ ಮಾತೇ ನಿಂತು ಹೋಗಿತ್ತು. ಎದುರಾದರೆ ಮುಖ ತಿರುಗಿಸುತ್ತಿದ್ದರು. ಸಿದ್ದಪ್ಪನವರ ಕಾರ್ಯ ಮುಗಿದ ಮೇಲೆ ಒಂದು ಸಂಜೆ ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಓಣಿ ಓಣಿ ತಿರುಗಿದ. ಒಬ್ಬೊಬ್ಬರ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ.

"ಸೋಮವಾರ."

ಅಷ್ಟೇ. ಯಾರ ಹೊಲ, ಯಾವ ಕೆಲಸ, ಏನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ ಅಂದರೆ ಮನುಷ್ಯನಿಗೂ ಸ್ವಲ್ಪ ಬಿಡುವು. ಆ ಸೋಮವಾರ ಊರಿಗೆ ಊರೇ ಸಿದ್ದಪ್ಪನವರ ಹೊಲದಲ್ಲಿತ್ತು. ಗಂಡಸರು ಕೊಯ್ಯುತ್ತಿದ್ದರು. ಹೆಂಗಸರು ಸೂಡು ಕಟ್ಟುತ್ತಿದ್ದರು, ತೆನೆ ಮುರಿಯುತ್ತಿದ್ದರು. ಎಲ್ಲರೂ ತಮ್ಮ ತಮ್ಮ ರೊಟ್ಟಿ ತಾವೇ ಕಟ್ಟಿಕೊಂಡು ಬಂದಿದ್ದರು. ಸತ್ತವರ ಮನೆಯಿಂದ ಒಂದು ಕೊಡ ಮಜ್ಜಿಗೆ ಮಾತ್ರ.

ಅದಕ್ಕೆ ಕಟ್ಟುನಿಟ್ಟಾದ ರೀತಿ ಇತ್ತು. ಸತ್ತವರ ಮನೆಯವರು ಯಾರನ್ನೂ ಕರೆಯಬಾರದು. ಹೋಗುವವರೂ ಬರ್ತೀವಿ ಅಂತ ಮುಂಚೆ ಹೇಳಬಾರದು. ಹೇಳಿದರೆ ಮನೆಯವರು ಊಟಕ್ಕೆ ಒಲೆ ಹಚ್ಚುತ್ತಾರೆ, ಸಾಮಾನು ತರಿಸುತ್ತಾರೆ, ಸತ್ತ ಮನೆಗೆ ಇನ್ನೊಂದು ಭಾರ. ಮುಗಿದ ಮೇಲೆ ಉಪಕಾರದ ಮಾತೂ ಆಡಬಾರದು.

ಅವತ್ತು ಸಂಜೆ ಅವ್ವ ಅಪ್ಪನನ್ನು ಚುಚ್ಚಿದಳು. "ಜೀವ ಇದ್ದಾಗ ಮಾತಾಡ್ಲಿಲ್ಲ, ಈಗ ಎಲ್ಲಾರಕ್ಕಿಂತ ಮುಂದ ನಿಂತು ಕೊಯ್ದಿಯಲ್ಲ?"

"ಜಗಳ ಅವನ ಜೋಡಿ ಇತ್ತು, ಜ್ವಾಳದ ಜೋಡಿ ಅಲ್ಲ" ಅಂದ ಅಪ್ಪ.

ಆಮೇಲೆ ಎಷ್ಟೋ ಹೊಲಗಳನ್ನು ಅಪ್ಪ ಹೀಗೆ ಕೊಯ್ಯಿಸಿದ. ನಾವು ಓದಲು ಊರು ಬಿಟ್ಟೆವು. ಅಪ್ಪ ಫೋನಿನಲ್ಲಿ ಯಾವಾಗಲಾದರೂ "ಇವತ್ತು ಒಂದು ಹೊಲ ಮುಗಿಸಿ ಬಂದೆ" ಅನ್ನುತ್ತಿದ್ದ. ಪಾಪ, ಈ ವಯಸ್ಸಲ್ಲೂ ಎಷ್ಟು ಒದ್ದಾಡ್ತಾನೆ ಅಂತ ನಾವು ಮರುಗುತ್ತಿದ್ದೆವು. ಅದನ್ನು ಅಪ್ಪನ ಒಳ್ಳೆಯತನ ಅಂತಲೇ ತಿಳಿದಿದ್ದೆವು. ಕೆಲವರಿಗೆ ಎಲೆ ಅಡಿಕೆ ಚಟ, ಅಪ್ಪನಿಗೆ ಇದು.

ಈ ಸಲ ಜೋಳ ಹಾಲುಗಾಳು ಹಿಡಿದ ಹೊತ್ತಿಗೆ ಅಪ್ಪ ಹೋದ. ಹೊಲದಿಂದ ಬಂದು, ಎತ್ತು ಕಟ್ಟಿ, ಮನೆ ಮುಂದಿನ ಕಟ್ಟೆಯ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿಕೊಂಡ. ಅವ್ವ ನೀರು ತಂದು ಕೊಡುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಯಾರಿಗೂ ತ್ರಾಸ ಕೊಡಲಿಲ್ಲ ಅಂದರು ಬಂದವರು. ಪುಣ್ಯದ ಸಾವು ಅಂದರು. ಇರಬಹುದು. ನನಗೆ ಮಾತ್ರ ಒಂದು ದಿನವಾದರೂ ತ್ರಾಸ ಕೊಡಬೇಕಿತ್ತು ಅನಿಸಿತು.

ಕಾರ್ಯ ಮುಗಿಯಿತು. ಅವ್ವನನ್ನು ಮಾನ್ವಿಗೆ ಕರೆತಂದೆವು. ಎತ್ತುಗಳನ್ನು ಪಕ್ಕದ ಹೊಲದ ಖಾಜಾಸಾಬ್ ಕಾಕಾ ತಮ್ಮ ಕೊಟ್ಟಿಗೆಗೆ ಕಟ್ಟಿಕೊಂಡರು. ಖಾಜಾಸಾಬ್ ಕಾಕಾ ಅಪ್ಪನ ಜೀವದ ಗೆಳೆಯ. ಒಬ್ಬರ ಬಾವಿಯ ನೀರು ಇನ್ನೊಬ್ಬರ ಹೊಲಕ್ಕೆ ಹರಿಯುತ್ತಿತ್ತು.

ಹೊಲದಲ್ಲಿ ಜೋಳ ಮಾಗಿ ನಿಂತಿತು. ಏನು ಮಾಡೋದು?

ಹೋದ ಶನಿವಾರ ನಾನೂ ಬಸುವೂ ಮಾನ್ವಿಯ ಮನೆಯಲ್ಲಿ ಮೀಟಿಂಗ್ ಮಾಡಿದೆವು. ಚಹಾ, ಬಿಸ್ಕಿಟು, ಮೊಬೈಲು. ಬಸು ಹೇಳಿದ, "ಆಳು ಸಿಗೋದು ಕಷ್ಟ ಐತಕ್ಕ. ಕವಿತಾಳದ ಕಡಿ ಒಂದು ಮಷೀನ್ ಬಂದದ. ನಾಳಿ ನಮ್ಮ ಹೊಲಕ್ಕ ಬರ್ತಾನಂತ. ನಾಳಿ ಬಿಟ್ರ ಸಿಂಧನೂರ ಕಡಿ ಹೋಗಿಬಿಡ್ತಾನ."

"ಊರವರನ್ನು ಕೇಳಿ ನೋಡೋಣವೇನೋ?" ಅಂತ ನಾನು ಒಂದು ಮಾತು ಅಂದೆ. ಮನಸ್ಸಿನಿಂದ ಅಂದದ್ದಲ್ಲ, ಸುಮ್ಮನೆ ಅಂದದ್ದು.

"ಕೇಳಿದ್ರ ಇಲ್ಲ ಅನ್ನಾಕ ಆಗಂಗಿಲ್ಲ ಅವರಿಗೆ. ಸುಮ್ನ ಯಾಕ ತ್ರಾಸ? ಅಪ್ಪ ಇದ್ದಾಗಿನ ಕಾಲ ಬ್ಯಾರೆ. ಈಗ ಯಾರು ಬರ್ತಾರಕ್ಕ?"

ನನಗೂ ಅದೇ ಸರಿ ಅನಿಸಿತು. ಓಣಿ ಓಣಿ ತಿರುಗಿ ಜನ ಕೂಡಿಸುತ್ತಿದ್ದವನೇ ಹೋದ ಮೇಲೆ ಇನ್ನು ಯಾರು ಹೇಳುತ್ತಾರೆ? ಯಾರು ಬರುತ್ತಾರೆ? ಅಪ್ಪನ ಜೊತೆಗೆ ಅದೂ ಹೋಯಿತು ಅಂತ ನಾವಿಬ್ಬರೂ ಕೂತಲ್ಲೇ ತೀರ್ಮಾನಿಸಿಬಿಟ್ಟೆವು.

ಮೂಲೆಯಲ್ಲಿ ಅವರೇಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಸೋಮವಾರದ ತನ ತಡೀರಿ" ಅಂದಳು.

"ಯಾಕಬೇ?"

"ತಡೀರಿ ಅಂದೆ. ಅಷ್ಟs."

ಬಸು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಭಾನುವಾರ ಅಮಾವಾಸ್ಯೆಯೋ, ರಾಹುಕಾಲವೋ, ಇನ್ನೇನೋ ಶಾಸ್ತ್ರವೋ ಇರಬೇಕು ಅಂದುಕೊಂಡೆವು. "ಯವ್ವಾ, ಮಷೀನಿಗೆ ಪಂಚಾಂಗ ಗೊತ್ತಿಲ್ಲ. ಸೋಮವಾರ ನನಗ ಕಾಲೇಜದ, ಅವನಿಗೆ ಅಂಗಡಿ ಅದ" ಅಂದೆ. ಅವ್ವ ಅವರೇಕಾಯಿ ಸುಲಿಯುತ್ತಲೇ ಇದ್ದಳು.

ಭಾನುವಾರ ನಾವಿಬ್ಬರೂ ಹೊಲಕ್ಕೆ ಹೋದೆವು. ಮಷೀನು ಮುಖ್ಯರಸ್ತೆಯಿಂದ ನೇರವಾಗಿ ಹೊಲಕ್ಕೆ ಇಳಿಯಿತು. ಊರೊಳಗೆ ಹೋಗುವ ಪ್ರಮೇಯವೇ ಬರಲಿಲ್ಲ. ಹೋದರೂ ಯಾರೂ ಸಿಗುತ್ತಿರಲಿಲ್ಲ. ಅವತ್ತು ಊರಿನ ಯಾರದೋ ಮಗಳ ಮದುವೆ, ದೇವದುರ್ಗದ ಕಲ್ಯಾಣ ಮಂಟಪದಲ್ಲಿ. ಊರೆಲ್ಲಾ ಟ್ರ್ಯಾಕ್ಟರು, ಟಂಟಂ ಹತ್ತಿ ಅಲ್ಲಿಗೆ ಹೋಗಿತ್ತು. ಇನ್ನೂ ಅಪ್ಪನ ಸಾವಿನ ನೋವಿನಲ್ಲಿದ್ದ ನಾವು ಮದುವೆಗೆ ಹೋಗಿರಲಿಲ್ಲ.

ಅಪ್ಪ ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಬೆಳೆಸಿದ್ದನ್ನು ಮಷೀನು ಮಧ್ಯಾಹ್ನದ ಊಟದ ಹೊತ್ತಿನೊಳಗೆ ನುಂಗಿ ಮುಗಿಸಿತು. ಕಾಳು ಟ್ರ್ಯಾಕ್ಟರಿಗೆ ಸುರಿಯಿತು. ದಂಟು ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. (ಆ ಕಣಿಕೆ ಅಪ್ಪನ ಎತ್ತುಗಳ ವರ್ಷದ ಮೇವಾಗಬೇಕಿತ್ತು. ಅದೂ ನಮಗೆ ಹೊಳೆಯಲಿಲ್ಲ.) ನಾನು ವಿಡಿಯೊ ಮಾಡಿಕೊಂಡೆ. "ನೋಡಕ್ಕ, ಯಾರಿಗೂ ತ್ರಾಸ ಇಲ್ದಂಗ ಮುಗೀತು" ಅಂದ ಬಸು. ಒಳ್ಳೆಯ ಮಕ್ಕಳಾಗಿ ಜವಾಬ್ದಾರಿ ಮುಗಿಸಿದೆವು ಅನ್ನುವ ಸಮಾಧಾನದಲ್ಲಿ ಅವನು ಮಾನ್ವಿಗೆ, ನಾನು ರಾಯಚೂರಿಗೆ ಬಸ್ಸು ಹತ್ತಿದೆವು.

ಈಗ ಗುರುವಾರಕ್ಕೆ ಬನ್ನಿ. ನಾನು ಬಾಗಿಲಲ್ಲಿ ಸೂಡು ನೋಡುತ್ತಾ ನಿಂತಿದ್ದೇನೆ. ನಾನು ಬಂದದ್ದು ಕಂಡು ಖಾಜಾಸಾಬ್ ಕಾಕಾ ಬಂದರು.

"ಯಾವಾಗ ಬಂದೆವಾ ನೀಲಾ? ಅವ್ವ ಚಂದದಾಳ?"

"ಅದಾಳ ಕಾಕಾ. ಇದನ್ನ ಯಾರಿಟ್ಟಾರ?"

ಕಾಕಾ ಸೂಡಿನ ಕಡೆ ನೋಡಿದರು. ಕಟ್ಟೆಯ ಮೇಲೆ ಕೂತರು. "ನಾವs ಇಟ್ಟೀವಿ" ಅಂದರು.

"ಎಲ್ಲಿದು?"

"ನಿಮ್ಮ ಹೊಲದ್ದs."

"ನಮ್ಮ ಹೊಲದ್ದು ಭಾನುವಾರನs ಆತಲ್ಲ ಕಾಕಾ?"

"ಹೂಂ. ನಾವು ಸೋಮವಾರ ಹೋಗಿದ್ವಿ."

ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ, ಮಾತು ನನ್ನ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನೂ ಕಟ್ಟೆಯ ಮೇಲೆ ಕೂತೆ.

"ಯಾರು ತಿರಗಿದ್ರು ಕಾಕಾ? ಊರಾಗ ಯಾರು ಹೇಳಿದ್ರು?"

"ನಾನs. ನಿಮ್ಮಪ್ಪ ತಿರಗತಿದ್ದ, ಈ ಸಲ ನಾ ತಿರಗಿದೆ. ಯಾರಾದ್ರೂ ಮಾಡಬೇಕಲ್ಲ? ಶರಣಣ್ಣನ ಹೊಲ ಅದು."

"ಎಷ್ಟು ಮಂದಿ ಬಂದಿದ್ರು?"

"ಯಾರು ಬಂದಿದ್ದಿಲ್ಲ ಅಂತ ಕೇಳು" ಅಂದರು ಕಾಕಾ. "ಸಿದ್ದಪ್ಪನ ಮಗ ರಾಯಚೂರಾಗ ಆಟೋ ಹೊಡಿತಾನಲ್ಲ, ಆಟೋ ಬಿಟ್ಟು ಬಂದಿದ್ದ. ಮದುವಿ ಮನಿಯವರು ಬಂದಿದ್ರು, ಮಗಳನ್ನ ಕಳಿಸಿದ ಮರುದಿನನs. ಕುಡಗೋಲು ಹಿಡಿಯಾಕ ಬರಲಾರದ ಮುದುಕರು ಬಂದು ಬದುವಿನ ಮ್ಯಾಲ ಕುಂತಿದ್ರು."

ಸಿದ್ದಪ್ಪನವರ ಮಗ. ಬದುವಿನ ಜಗಳದಲ್ಲಿ ಅಪ್ಪನ ಜೊತೆ ಮಾತು ಬಿಟ್ಟಿದ್ದ ಸಿದ್ದಪ್ಪನವರ ಮಗ. ನಾನಿರುವ ರಾಯಚೂರಲ್ಲೇ ಆಟೋ ಓಡಿಸುತ್ತಾನೆ. ಸ್ಟೇಷನ್ನಿನಿಂದ ಕಾಲೇಜಿಗೆ ಎಷ್ಟೋ ಸಲ ಅವನ ಆಟೋದಲ್ಲೇ ಹೋಗಿರಬಹುದು. ಮುಖ ನೋಡದೆ ಇಳಿದು ಹೋಗಿರಬಹುದು.

"ಹೊಲ ನೋಡಿ ಏನಂದ್ರು ಕಾಕಾ?"

"ಏನಂತಾರ? ಕೊಯ್ದ ದಂಟಿನ ಬುಡ, ಬರೇ ಕೂಳಿ ನಿಂತಿತ್ತು. ಎಲ್ಲಾರೂ ಸುಮ್ನ ನಿಂತ್ವಿ." ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಆಮ್ಯಾಲ ಯಾರೋ ನೋಡಿದ್ರು. ಬೇವಿನ ಗಿಡದ ಬುಡಕ್ಕ ಮಷೀನ್ ತಿರಗಿದ್ದಿಲ್ಲ. ಅಲ್ಲೊಂದೀಟು ಜ್ವಾಳ ಉಳದಿತ್ತು. ಒಬ್ಬೊಬ್ಬರು ಒಂದೊಂದು ದಂಟು ಕೊಯ್ದ್ವಿ. ಎಲ್ಲಾರಿಗೂ ಸಾಲಲಿಲ್ಲವಾ. ಕೊಯ್ಯಾಕ ಸಿಗಲಾರದವರು ಸುಮ್ನ ಮುಟ್ಟಿದ್ರು. ಹೆಣ್ಮಕ್ಕಳು ಕಟ್ಟಿದ್ರು. ಇಲ್ಲಿ ತಂದಿಟ್ವಿ."

"ಮತ್ತ?"

"ಮತ್ತೇನು? ರೊಟ್ಟಿ ಕಟಿಗೊಂಡು ಬಂದಿದ್ವಲ್ಲ, ವಾಪಸ್ ಹೆಂಗ ಒಯ್ಯೋದು? ಗಿಡದ ಕೆಳಗ ಕುಂತು ಉಂಡು ಬಂದ್ವಿ."

ನನಗೆ ಅಳು ಬಂತು. ತಡೆಯಲಿಲ್ಲ, ಅತ್ತೆ. ಅಪ್ಪ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಅವತ್ತು ಅಪ್ಪನನ್ನು ಸಾವು ಒಯ್ದಿತ್ತು, ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಇದು ನಾವೇ ಮಾಡಿದ್ದು. ಅಪ್ಪನಿಗೆ ಊರು ಕೊಡಬೇಕೆಂದಿದ್ದ ಒಂದು ದಿನವನ್ನು ನಾವು ಬಾಡಿಗೆ ಮಷೀನು ತಂದು ಕಸಿದುಕೊಂಡೆವು.

"ಒಂದು ಫೋನ್ ಮಾಡಬಾರದಿತ್ತಾ ಕಾಕಾ?" ಅಂದೆ. ಅವರ ಮೇಲೆ ಸಿಟ್ಟೂ ಬಂದಿತ್ತು.

"ಹೇಳಿ ಮಾಡೋದಾ ಯವ್ವಾ ಅದು?" ಅಂದರು ಕಾಕಾ. ಆಮೇಲೆ ಮೆಲ್ಲಗೆ, "ನಿಮಗ ಗೊತ್ತದ ಅಂದಕೊಂಡಿದ್ವಿ. ಶರಣಣ್ಣನ ಮಕ್ಕಳಲ್ಲ ನೀವು?"

ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಮ್ಯಾಲ ಯಾರಿಗೂ ಸಿಟ್ಟಿಲ್ಲ. ಹುಡುಗರು ಅವಸರದಾಗ ಮಾಡ್ಯಾವ ಅಂದ್ರು ಎಲ್ಲಾರೂ" ಅಂತ ಬೇರೆ ಸಮಾಧಾನ ಮಾಡಿದರು. ನನ್ನ ವಯಸ್ಸಿಗೆ ಹುಡುಗರು! ನಾನು ಬಾಗಿಲು ತೆಗೆದು ಸೂಡನ್ನು ಒಳಗಿಟ್ಟು, ಹಂಚು ತೆಗೆದುಕೊಂಡೆ. ಕಾಕಾ ಅದನ್ನು ಗೋಣಿಚೀಲದಲ್ಲಿ ಸುತ್ತಿ, ರಸ್ತೆಯ ತನಕ ತಾವೇ ಹೊತ್ತು ತಂದು, ಮಾನ್ವಿಯ ಬಸ್ಸಿಗೆ ಹತ್ತಿಸಿದರು.

ಬಸ್ಸಿನ ತುಂಬಾ ನನ್ನ ತಲೆಯಲ್ಲಿ ಒಂದೇ ಪದ ತಿರುಗುತ್ತಿತ್ತು. ತ್ರಾಸ.

ಯಾರಿಗೂ ತ್ರಾಸ ಕೊಡಬಾರದು. ನಮ್ಮ ಕಾಲದವರ ದೊಡ್ಡ ಮರ್ಯಾದೆ ಇದು, ಅಲ್ಲವೇ? ಫೋನ್ ಮಾಡುವ ಮೊದಲು "ಕಾಲ್ ಮಾಡಬಹುದಾ?" ಅಂತ ಮೆಸೇಜು. ಆಸ್ಪತ್ರೆಗೆ ಅಡ್ಮಿಟ್ ಆದರೆ ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಸುದ್ದಿ. "ಸುಮ್ನೆ ಯಾಕೆ ನಿಮಗೆಲ್ಲಾ ತ್ರಾಸ ಅಂತ ಹೇಳಲಿಲ್ಲ." ಮನೆ ಬದಲಾಯಿಸಲು ಪ್ಯಾಕರ್ಸು, ಮದುವೆಗೆ ಕಾಂಟ್ರ್ಯಾಕ್ಟರು, ತಿಥಿಗೆ ಕೇಟರಿಂಗು. ಯಾರ ಹಂಗೂ ಇಲ್ಲ. ಎಷ್ಟು ಹಗುರ! ಎದುರು ಮನೆಗೆ ಬಟ್ಟಲು ಹಿಡಿದು ಹೋಗದೆ ಎಷ್ಟು ಘನತೆಯಿಂದ ಬದುಕುತ್ತಿದ್ದೇವೆ!

ಆದರೆ ನಾನು ಯಾರಿಗೂ ತ್ರಾಸ ಕೊಡುವುದಿಲ್ಲ ಅನ್ನುವ ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತು ಅಡಗಿರುತ್ತದೆ. ನನಗೂ ಯಾರೂ ತ್ರಾಸ ಕೊಡಬೇಡಿ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ನಯವಾಗಿ ನಗುತ್ತಾ ಬಾಗಿಲು ಹಾಕಿಕೊಳ್ಳುತ್ತೇವೆ.

ಅಪ್ಪ ಊರಿಗೆ ಜೀವ ತೇದ ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ನಮಗೆ, ತೇದದ್ದು ಎಲ್ಲಿ ಹೋಗಿ ಸೇರಿತು ಅಂತ ನೋಡುವಷ್ಟು ವ್ಯವಧಾನ ಇರಲಿಲ್ಲ. ಅದು ಬರೀ ಅಪ್ಪನ ಗುಣ ಆಗಿ ಉಳಿದಿರಲಿಲ್ಲ. ಊರಿನ ರೂಢಿಯಾಗಿತ್ತು. ಅಪ್ಪ ಇಲ್ಲದೆಯೂ ನಡೆಯುವಷ್ಟು ಗಟ್ಟಿಯಾಗಿತ್ತು. ಒಬ್ಬ ಮನುಷ್ಯ ಹೋಗುವಾಗ ಇದಕ್ಕಿಂತ ದೊಡ್ಡದು ಏನು ಬಿಟ್ಟು ಹೋಗಬಹುದು? ಅದು ಕಣ್ಣೆದುರು ನಡೆಯುವುದಿತ್ತು, ಅಪ್ಪನ ಹೊಲದಲ್ಲೇ. ನಾವು ಒಂದೇ ಒಂದು ದಿನ ಸುಮ್ಮನಿದ್ದಿದ್ದರೆ ಸಾಕಿತ್ತು.

"ಕಾಲ ಬದಲಾಗಿದೆ, ಈಗ ಯಾರು ಬರ್ತಾರೆ?" ಅಂತೀವಲ್ಲ, ನಾವು ಯಾರನ್ನು ನೋಡಿ ಅನ್ನುತ್ತೇವೆ? ಊರನ್ನು ನೋಡಿಯಂತೂ ಅಲ್ಲ. ಊರು ಕುಡಗೋಲು ಮಸೆದುಕೊಂಡು ರೊಟ್ಟಿ ಕಟ್ಟಿಕೊಂಡು ಬಂದಿತ್ತು. ಬದಲಾದವರು ಶನಿವಾರ ಬಿಸ್ಕಿಟು ತಿನ್ನುತ್ತಾ ಮೀಟಿಂಗ್ ಮಾಡಿದವರು.

ಮಾನ್ವಿಗೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಬಸು ಅಂಗಡಿಯಿಂದ ಊಟಕ್ಕೆ ಬಂದು ಕೂತಿದ್ದ. ಹಂಚು ಕೆಳಗಿಟ್ಟು, ನಿಂತುಕೊಂಡೇ ಎಲ್ಲಾ ಹೇಳಿದೆ. ಬಸುವಿನ ಕೈ ತುತ್ತಿನ ಮೇಲೆಯೇ ನಿಂತಿತು.

ಅವ್ವ ನನ್ನನ್ನೇ ನೋಡುತ್ತಿದ್ದಳು. "ಬಂದಿದ್ರಾ?" ಅಂದಳು.

"ಹೂಂ ಯವ್ವಾ."

"ಎಲ್ಲಾರೂ ಬಂದಿದ್ರಾ?"

"ಎಲ್ಲಾರೂ. ಸಿದ್ದಪ್ಪನ ಮಗನೂ ಬಂದಿದ್ನಂತ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು.

"ನಿನಗ ಗೊತ್ತಿತ್ತಲ್ಲ ಯವ್ವಾ? ಸೋಮವಾರದ ತನ ತಡೀರಿ ಅಂದಿ. ಯಾಕಂತ ಹೇಳಿದ್ರ ನಾವು ತಡೀತಿದ್ದಿಲ್ಲೇನು?"

"ಹೆಂಗ ಹೇಳ್ಲಿ?" ಅಂದಳು ಅವ್ವ. "ಮಂದಿ ಬರ್ತಾರ ಅಂತ ನಾ ಬಾಯಿಬಿಟ್ಟು ಹೇಳಿ, ಆಮ್ಯಾಲ ಯಾರೂ ಬರಲಿಲ್ಲ ಅಂದ್ರ? ನಿಮ್ಮಪ್ಪನ ಮರ್ಯಾದಿ ಏನಾಗತಿತ್ತು, ನಿಮ್ಮ ಮುಂದ?"

ಅಷ್ಟು ವರ್ಷ ಗೊಣಗಿದವಳು. ನಮ್ಮ ಹೊಲದಲ್ಲಿ ಕಳೆ ಹಾಗೇ ಇದೆ ಅಂತ ದಿನಾ ಜಗಳ ತೆಗೆದವಳು. ಗಂಡನಿಗಾಗಿ ಊರು ಬರುತ್ತದೋ ಇಲ್ಲವೋ ಅಂತ ಎದೆ ಹಿಡಿದುಕೊಂಡು ಒಂದು ಸೋಮವಾರಕ್ಕೆ ಕಾಯುತ್ತಿದ್ದಳು. ನಾವು ಆಕೆಗೆ ಪಂಚಾಂಗದ ಪಾಠ ಹೇಳಿದೆವು.

ಬಸು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತೇ ಇದ್ದ. ಆಮೇಲೆ ತಟ್ಟೆಯನ್ನು ಬದಿಗೆ ಸರಿಸಿದ. "ಮುಂದಿನ ವರ್ಷ ನಾವs ಹೋಗೋಣು ಯವ್ವಾ. ನಾನs ಮನಿಮನಿಗೆ ಹೋಗಿ ಕೈ ಮುಗೀತೀನಿ. ಊರೆಲ್ಲಾ ಕೂಡಿನs ಕೊಯ್ಯಲಿ. ಮಷೀನ್ ಬ್ಯಾಡ."

ಅವ್ವ ಅವನ ತಲೆಯ ಮೇಲೆ ಕೈ ಇಟ್ಟಳು.

"ಬರ್ತಾರೋ ತಮ್ಮಾ, ಕರದ್ರ ಯಾಕ ಬರಂಗಿಲ್ಲ? ಆದ್ರ ಆ ಬೆಳಿ ನಿಮ್ಮಪ್ಪ ಬಿತ್ತಿದ್ದಲ್ಲಲ್ಲ."